20 ರೂಪಾಯಿಯ ಹೆಪ್ಪು: ವೇಸ್ಟ್ ಡಿಕಂಪೋಸರ್ ಬಳಸಿ ನೋಡಿದ್ದು

ನಾಲ್ಕು ವರ್ಷದ ಹಿಂದೆ ಮನೆಯ ಕೊನೆಯ ಹಸು ಮಾರಿದೆವು. ಮೇಯಿಸೋಕೆ ಜನ ಇಲ್ಲ, ಅತ್ತೆಗೆ ಮಂಡಿ ನೋವು. ಕೊಟ್ಟಿಗೆ ಖಾಲಿಯಾಯಿತು, ಅದರ ಹಿಂದೆಯೇ ತಿಪ್ಪೆಯೂ ಸತ್ತಿತು. ನಮ್ಮ ತಿಪಟೂರು ಕಡೆ ತೆಂಗಿನ ತೋಟ ಇಟ್ಟವರಿಗೆ ಗೊತ್ತಲ್ವಾ, ಸೋಗೆ, ಎಡೆಮಟ್ಟೆ ಎಷ್ಟು ಬೀಳುತ್ತವೆ ಅಂತ. ಸಗಣಿ ಬೀಳದ ರಾಶಿ ಬೇಗ ಕೊಳೆಯಲ್ಲ. ಎರಡು ವರ್ಷ ಬೆಂಕಿ ಇಟ್ಟೆವು. ಹೊಗೆಗೆ ಮಗಳು ರಾತ್ರಿಯೆಲ್ಲ ಕೆಮ್ಮೋಳು. ಇನ್ನು ಸುಡೋದು ಬೇಡ ಅಂತ ಹುಡುಕಿದಾಗ ಸಿಕ್ಕಿದ್ದು ಕಸ ಬೇಗ ಕೊಳೆಸೋ ಈ ವೇಸ್ಟ್ ಡಿಕಂಪೋಸರ್.

ಇದು ಗಾಜಿಯಾಬಾದ್‌ನ ರಾಷ್ಟ್ರೀಯ ಸಾವಯವ ಕೃಷಿ ಕೇಂದ್ರದವರು ತಯಾರಿಸಿದ್ದು. ನಾಟಿ ಹಸುವಿನ ಸಗಣಿಯಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಗಳು ಒಂದು ಪುಟ್ಟ ಬಾಟಲಿಯಲ್ಲಿ ಇರುತ್ತವೆ. ಕೇಂದ್ರದವರು ಇಟ್ಟಿದ್ದ ಬೆಲೆ 20 ರೂಪಾಯಿ.

ನಾನು ಮೊದಲು ತಂದ ಬಾಟಲಿಗೆ ಮಾತ್ರ 180 ರೂಪಾಯಿ ಕೊಟ್ಟಿದ್ದೆ. ಪೇಟೆಯ ಒಂದು ಅಂಗಡಿಯಲ್ಲಿ, ಗಾಜಿನ ಹಿಂದೆ ಬಿಸಿಲಿಗೆ ಇಟ್ಟಿದ್ದರು. ತಾರೀಕು ಅಳಿಸಿಹೋಗಿತ್ತು. ವಾರ ಕಳೆದರೂ ನೊರೆ ಇಲ್ಲ, ವಾಸನೆ ಇಲ್ಲ. ಎರಡು ಕೆಜಿ ಬೆಲ್ಲ ಚರಂಡಿ ಪಾಲಾಯಿತು. ತಾರೀಕು ನೋಡದೆ ತಗೋಬೇಡಿ. ಒಳಗಿರೋದು ಜೀವ, ಬಿಸಿಲಲ್ಲಿಟ್ಟರೆ ಸಾಯುತ್ತೆ. ಆಮೇಲೆ ಪಕ್ಕದೂರಿನವರೊಬ್ಬರು ಬೆಂಗಳೂರಿನ ಸರ್ಕಾರಿ ಕೇಂದ್ರದಿಂದ ತಂದುಕೊಟ್ಟರು.

ಮಾಡುವುದು ಸುಲಭ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು, 2 ಕೆಜಿ ಬೆಲ್ಲ ಕರಗಿಸಿ, ಬಾಟಲಿ ಸುರಿದು, ಬಟ್ಟೆ ಮುಚ್ಚಿಟ್ಟು, ಕೋಲಿನಿಂದ ದಿನಕ್ಕೆ ಎರಡು ಸಲ ತಿರುಗಿಸಬೇಕು. ಬಾಟಲಿಯಲ್ಲಿರೋದನ್ನು ಕೈಯಲ್ಲಿ ಮುಟ್ಟಬಾರದು. ಬೋರ್‌ವೆಲ್ ನೀರೇ ಒಳ್ಳೆಯದು, ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಮೂರನೇ ದಿನ ಬೆಳಿಗ್ಗೆ ಬಟ್ಟೆ ಸರಿಸಿದರೆ ಮೇಲೆಲ್ಲ ಬಿಳಿ ನೊರೆ, ದೋಸೆ ಹಿಟ್ಟು ಹುಳಿ ಬಂದಾಗಿನ ವಾಸನೆ. ಅತ್ತೆ ಬಗ್ಗಿ ಕಿವಿ ಕೊಟ್ಟರು. "ಸೊಯ್ ಅಂತೈತೆ ಕಣಮ್ಮ. ಹೆಪ್ಪು ಹಾಕ್ದಂಗೆ ಅಲ್ವಾ ಇದು?"

ಹೆಪ್ಪೇ. 20 ಲೀಟರ್ ಉಳಿಸಿಕೊಂಡು ಮತ್ತೆ ನೀರು, 2 ಕೆಜಿ ಬೆಲ್ಲ ಹಾಕಿದರೆ ಇನ್ನೊಂದು ಡ್ರಮ್ ರೆಡಿ. ಆ ಒಂದು ಬಾಟಲಿಯಲ್ಲೇ ನಾನು ಒಂದೂವರೆ ವರ್ಷದಿಂದ ನಡೆಸುತ್ತಿದ್ದೇನೆ.

ಹಲಸಿನ ಮರದ ನೆರಳಲ್ಲಿ ರಾಶಿ ಹಾಕಿದೆ. ಗೇಣುದ್ದ ತ್ಯಾಜ್ಯ, ಮೇಲೆ ಈ ನೀರು, ಮತ್ತೆ ಗೇಣುದ್ದ. ವಾರಕ್ಕೊಮ್ಮೆ ಮಗುಚಬೇಕು, ತೇವ ಆರಬಾರದು. ಒಂಬತ್ತನೇ ದಿನ ರಾಶಿಯೊಳಗೆ ಕೈ ಹಾಕಿದೆ, ಸುಟ್ಟಂಗಾಗಿ ತಕ್ಷಣ ಎಳೆದುಕೊಂಡೆ. ಅಷ್ಟು ಬಿಸಿ! ಬೆಂಕಿ ಇಲ್ಲ, ಬರೀ ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡಿ ಹುಟ್ಟಿಸಿದ ಬಿಸಿ. ಆವತ್ತು ನನಗಾದ ಖುಷಿ ಹೇಳತೀರದು.

ನಿಜ ಹೇಳಬೇಕಂದ್ರೆ ಹಸುವಿಗೂ ಹುಲ್ಲಿನ ನಾರನ್ನು ತಾನಾಗಿ ಜೀರ್ಣಿಸುವ ಶಕ್ತಿ ಇಲ್ಲ. ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ನಮ್ಮದೂ ಹಾಗೇ. ರಾಗಿ, ಸೊಪ್ಪು, ಕಾಳಿನ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿ ಬ್ಯುಟಿರೇಟ್ ಅನ್ನೋ ಆಮ್ಲ ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ಹೋದ ವರ್ಷ ಮಗಳಿಗೆ ಟೈಫಾಯ್ಡ್ ಬಂದಿತ್ತು. ಆಂಟಿಬಯೋಟಿಕ್ ಮುಗಿದ ಮೇಲೂ ಹೊಟ್ಟೆ ಸರಿಹೋಗೋಕೆ ಜಾಸ್ತಿ ದಿನ ಹಿಡಿಯಿತು. ಔಷಧಿ ಕೆಟ್ಟದ್ದರ ಜೊತೆ ಒಳ್ಳೆಯದನ್ನೂ ಕೊಲ್ಲುತ್ತೆ ಅಂತ ಡಾಕ್ಟರು ಹೇಳಿದಾಗ ನನಗೆ ಡ್ರಮ್ಮೇ ನೆನಪಾಯಿತು. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆದ ಸ್ಪ್ರೇಯರ್‌ನಲ್ಲಿ ತೊಳೆಯದೆ ಡ್ರಮ್ಮಿನ ನೀರು ತುಂಬಬೇಡಿ ಅನ್ನೋದು ಅದಕ್ಕೇ.

ಎಲ್ಲದಕ್ಕೂ ಇದು ಸಾಲದು. ಬಾಳೆದಿಂಡು, ಸೊಪ್ಪು, ಅಡುಗೆ ಮನೆ ಕಸ ನಲವತ್ತು ದಿನದಲ್ಲಿ ಕಪ್ಪಗೆ ಪುಡಿಪುಡಿ ಆಯಿತು. ಸೋಗೆಗೆ ಮೂರು ತಿಂಗಳು. ಕಾಯಿಮಟ್ಟೆ ಹಾಗೇ ಇದೆ. ಅದರಲ್ಲಿ ಲಿಗ್ನಿನ್ ಅನ್ನೋ ಗಟ್ಟಿ ಅಂಶ ಜಾಸ್ತಿ, ಅದನ್ನು ಒಡೆಯೋಕೆ ಅಣಬೆ ಜಾತಿಯ ಶಿಲೀಂಧ್ರಗಳು ಬೇಕು. ಒಣ ಕಸ ಮಾತ್ರ ಹಾಕಿದರೂ ಕೆಲಸ ನಿಧಾನ. ಸಾರಜನಕ ಸಿಗದೆ ಜೀವಿಗಳು ಸೊರಗುತ್ತವೆ. ಸಾರಜನಕ ಜಾಸ್ತಿ ಇರೋ ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ಕಡಿದು ಹಾಕಿದ ಮೇಲೆ ರಾಶಿ ಬೇಗ ಇಳಿಯಿತು.

ಯೂಟ್ಯೂಬ್‌ನಲ್ಲಿ ಕೆಲವರು ಮರದ ಎಲ್ಲ ರೋಗಕ್ಕೂ ಇದೇ ಮದ್ದು ಅಂತಾರೆ. ನಂಬಬೇಡಿ. ತೆಂಗಿಗೆ ಬುಡ ಕೊಳೆಸುವ ಅಣಬೆ ರೋಗ ಬಂದರೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.

ಹಸು ಇದ್ದವರಿಗೆ ಇದು ಬೇಕಾ? ನನ್ನ ಪ್ರಕಾರ ಬೇಡ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಹಾಕಿ ಜೀವಾಮೃತ ಮಾಡಿಕೊಳ್ಳಿ, ಸಾಕು. ನಮ್ಮಂಥ ಖಾಲಿ ಕೊಟ್ಟಿಗೆಯವರಿಗೆ ಮಾತ್ರ ಕಣ್ಣುಮುಚ್ಚಿ ಹೇಳ್ತೀನಿ, ತಗೊಳ್ಳಿ.

ನಮ್ಮ ಡ್ರಮ್ಮಿನಿಂದ ಇಲ್ಲಿವರೆಗೆ ಆರು ಮನೆಗೆ ಹೋಗಿದೆ. ಕ್ಯಾನ್ ತಂದವರ ಹತ್ತಿರ ದುಡ್ಡು ಕೇಳಲ್ಲ. ಮನೆಗೆ ಹೋದ ದಿನವೇ ಬೆಲ್ಲ ಹಾಕಿ, ಉಪವಾಸ ಕೆಡವಬೇಡಿ ಅಂತ ಅತ್ತೆ ಬಾಗಿಲಲ್ಲೇ ನಿಂತು ಹೇಳಿ ಕಳಿಸ್ತಾರೆ.