ಮಡಿಕೇರಿಯ ಪೇಟೆ, ಕಕ್ಕಬ್ಬೆಯ ಓಣಿ: ಯಾವ ನಡಿಗೆಗೆ ಯಾವ ಕ್ಯಾಮೆರಾ?

ಈ ವರ್ಷ ಮಳೆಗಾಲ ಮುಗಿಯುತ್ತಾ ಬಂದಾಗ ನನ್ನ ಮುಂದೆ ಮೂರು ಕ್ಯಾಮೆರಾಗಳಿದ್ದವು. ಮೊದಲನೆಯದು ಹಳೆಯ ಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ಅದರ ಜೊತೆಗೆ 24–120 ಮತ್ತು 70–300 ಮಿ.ಮೀ. ಜೂಮ್ ಲೆನ್ಸ್‌ಗಳು (ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಚೀಲವೂ ಸೇರಿದರೆ ಎರಡೂವರೆ ಕಿಲೋ ದಾಟುತ್ತದೆ. ಎರಡನೆಯದು ಕಳಚಲು ಬಾರದ ಒಂದೇ ಲೆನ್ಸಿನ ಸಣ್ಣ ಕ್ಯಾಮೆರಾ. ಫುಲ್‌ಫ್ರೇಮ್ (ಹಳೆಯ ಫಿಲ್ಮಿನ ಅಳತೆಯ ಸೆನ್ಸರ್) ಲೆಕ್ಕದಲ್ಲಿ 35 ಮಿ.ಮೀ. ನೋಟ, ಎಫ್ 2 ಅಪರ್ಚರ್ (ಬೆಳಕು ಬಿಡುವ ಕಂಡಿ, ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು), ತೂಕ ಅರ್ಧ ಕಿಲೋ. ಮೂರನೆಯದು ಜೇಬಿನಲ್ಲಿರುವ ಮೊಬೈಲ್. ನಡೆಯಲು ಹೊರಟಾಗಲೆಲ್ಲ ಯಾವುದನ್ನು ಒಯ್ಯಲಿ ಎಂದು ಬಾಗಿಲಲ್ಲೇ ನಿಂತು ಬೆಳಗಿನ ಒಳ್ಳೆಯ ಬೆಳಕನ್ನು ಕಳೆದುಕೊಳ್ಳುತ್ತಿದ್ದೆ. ಇದು ಒಮ್ಮೆ ಇತ್ಯರ್ಥವಾಗಲಿ ಎಂದು ಅಕ್ಟೋಬರ್ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ ಎರಡು ದಾರಿಗಳನ್ನು ಗೊತ್ತುಮಾಡಿಕೊಂಡೆ. ಶುಕ್ರವಾರ ಮಡಿಕೇರಿ ಪೇಟೆ, ಭಾನುವಾರ ಕಕ್ಕಬ್ಬೆ ಕಡೆಯ ಹಳ್ಳಿ. ಒಂದು ನಡಿಗೆಗೆ ಒಂದೇ ಕ್ಯಾಮೆರಾ. ಪ್ರತಿಯೊಂದನ್ನೂ ಎರಡೂ ದಾರಿಗಳಲ್ಲಿ ಎರಡೆರಡು ಸಲವಾದರೂ ಒಯ್ದೆ, ಹೊರಡುವ ಹೊತ್ತನ್ನು ಬದಲಿಸಲಿಲ್ಲ.

ಪೇಟೆಯ ನಡಿಗೆಯನ್ನು ರಾಜಾಸೀಟಿನಿಂದ ಶುರುಮಾಡುತ್ತಿದ್ದೆ. ಬೆಳಗ್ಗೆ ಕಣಿವೆಯ ತುಂಬ ಮಂಜು, ಅದರ ಮೇಲೆ ಒಂದರ ಹಿಂದೆ ಒಂದು ಬೆಟ್ಟದ ಸಾಲು, ಕೆಳಗೆ ಮಂಜು ಹರಿದಲ್ಲಿ ಮಂಗಳೂರು ರಸ್ತೆಯ ಒಂದೆರಡು ತಿರುವು. ಇಲ್ಲಿ 70–300ಕ್ಕೆ ಸರಿಸಾಟಿಯಿಲ್ಲ. ದೂರದ ನಾಲ್ಕು ಸಾಲುಗಳನ್ನು ಹತ್ತಿರಕ್ಕೆ ಎಳೆದು, ಕಡುನೀಲಿಯಿಂದ ತಿಳಿಬೂದಿಯವರೆಗೆ ಒಂದರ ಮೇಲೊಂದು ಜೋಡಿಸಿ ಕೊಟ್ಟಿತು. ಅದೇ ಜಾಗದಲ್ಲಿ ಸಣ್ಣ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಬೆಟ್ಟಗಳು ಅಂಚಿನ ಗೆರೆಯಷ್ಟೇ, ಉಳಿದದ್ದೆಲ್ಲ ಆಕಾಶ ಮತ್ತು ಕಟಕಟೆ. ಮೊಬೈಲಿನ ಚಿತ್ರ ನನಗೆ ನಿಜಕ್ಕೂ ಬೇಸರ ತರಿಸಿತು. ಅದು ಹಲವು ಚಿತ್ರಗಳನ್ನು ಬೆಸೆದು ಪ್ರತಿ ಅಂಚನ್ನೂ ತೀಡುತ್ತದೆ. ಮಂಜನ್ನು ಅದು ಕೊರತೆ ಎಂದು ಎಣಿಸಿ ಒರೆಸಿಹಾಕುತ್ತದೆ, ಮಸುಕಾಗಿ ನಿಂತಿರಬೇಕಾದ ಸಿಲ್ವರ್ ಓಕ್ ಮರಗಳು ಕಪ್ಪು ಕಡ್ಡಿಗಳಾಗಿ ಎದ್ದು ಬರುತ್ತವೆ. ಪ್ರೊ ಮೋಡ್‌ಗೆ ಹೋಗಿ ರಾ ಕಡತದಲ್ಲಿ, ಅಂದರೆ ತಿದ್ದದ ಮೂಲ ರೂಪದಲ್ಲಿ ತೆಗೆದರೆ ಸುಧಾರಿಸುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಮಂಜು ಜಾಗ ಬದಲಿಸಿರುತ್ತದೆ. ಯಾವ ಕ್ಯಾಮೆರಾವೇ ಆಗಲಿ, ಮಂಜಿನಲ್ಲಿ ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು ಹೆಚ್ಚಿಸಿಕೊಳ್ಳಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರಿಗೆ ಬಿಳುಪು ಕಂಡರೆ ಅದನ್ನು ಬೂದಿ ಮಾಡುವ ಚಾಳಿ.

ಅಲ್ಲಿಂದ ಕೋಟೆ. ಕೊಡಗಿನ ಅರಸ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ಗಾರೆಯ ಎರಡು ಆನೆಗಳು, 1855ರ ಚರ್ಚು, ಈಗ ಅದೇ ವಸ್ತುಸಂಗ್ರಹಾಲಯ. ಇಲ್ಲಿ ಮೂರೂ ಕ್ಯಾಮೆರಾಗಳು ಹೆಚ್ಚು ಕಡಿಮೆ ಒಂದೇ. ಕೆಳಗೆ ಓಂಕಾರೇಶ್ವರ ದೇವಸ್ಥಾನದಲ್ಲಿ ವ್ಯತ್ಯಾಸ ಕಂಡಿತು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ, ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಮುಂದೆ ಕೊಳ. ಗುಮ್ಮಟವೂ ನೀರಿನಲ್ಲಿ ಅದರ ನೆರಳೂ ಒಂದೇ ಚೌಕಟ್ಟಿನಲ್ಲಿ ಬೇಕೆಂದರೆ ಜೂಮಿನ 24 ಮಿ.ಮೀ. ನಿಂತಲ್ಲೇ ಕೊಟ್ಟಿತು. ಮೊಬೈಲಿನ ಅಗಲ ಲೆನ್ಸ್ ಮಿನಾರುಗಳನ್ನು ಒಳಕ್ಕೆ ವಾಲಿಸಿತು. ಸಣ್ಣ ಕ್ಯಾಮೆರಾದಲ್ಲಿ ಹಿಡಿಸಲಿಲ್ಲ, ಕೊಳದ ಇನ್ನೊಂದು ಬದಿಗೆ ಸುತ್ತಿ ಹೋಗಬೇಕಾಯಿತು. ಹಾಗೆ ಸುತ್ತಿ ಹೋದಾಗ ಮೆಟ್ಟಿಲ ಮೇಲೆ ಕುಳಿತು ಮೀನಿಗೆ ಮಂಡಕ್ಕಿ ಎರಚುತ್ತಿದ್ದ ಅಜ್ಜ ಮತ್ತು ಮೊಮ್ಮಗಳು ಸಿಕ್ಕರು. ಜೂಮ್ ಇದ್ದ ದಿನ ಆ ಬದಿಗೆ ನಾನು ಹೋಗಿಯೇ ಇರಲಿಲ್ಲ.

ಸಣ್ಣ ಕ್ಯಾಮೆರಾ ನನ್ನನ್ನು ಜನರ ಹತ್ತಿರ ಒಯ್ಯುತ್ತದೆ ಎಂಬುದು ಸಂತೆಯಲ್ಲಿ ಇನ್ನೂ ಸ್ಪಷ್ಟವಾಯಿತು. ಶುಕ್ರವಾರ ಮಡಿಕೇರಿಯ ಸಂತೆ. ಕಿತ್ತಳೆ ಬರಲು ಶುರುವಾಗಿತ್ತು, ಸಡಿಲ ಸಿಪ್ಪೆಯ, ಅರ್ಧ ಹಸಿರು ಅರ್ಧ ಹಳದಿಯ ನಮ್ಮ ಕೊಡಗಿನ ಕಿತ್ತಳೆ. ದೊಡ್ಡ ಕ್ಯಾಮೆರಾ ಎತ್ತಿದ ಕೂಡಲೇ ಹಣ್ಣಿನ ಬುಟ್ಟಿಯ ಹಿಂದಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ನೇರ ಲೆನ್ಸನ್ನೇ ನೋಡುತ್ತಾ ಕುಳಿತರು.

"ಯಾವ ಪೇಪರಿನವರು ಅಣ್ಣಾ?"

ಪೇಪರಿನವನಲ್ಲ ಎಂದರೂ ಆ ಬಿಗಿ ಸಡಿಲಲಿಲ್ಲ. ಎರಡು ವಾರ ಬಿಟ್ಟು ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೋದೆ. ಒಂದು ಕಿಲೋ ಹಣ್ಣು ಕೊಂಡೆ, ಫೋಟೊ ತೆಗೆಯಲೇ ಎಂದು ಕೇಳಿದೆ, ಹೂಂ ಎಂದರು, ಮಾತು ಬೇರೆ ಕಡೆ ಹೋಯಿತು. ಹುಳಿಯೋ ಸಿಹಿಯೋ ನೋಡಿ ಎಂದು ಒಂದನ್ನು ನನಗಾಗಿ ಸುಲಿಯತೊಡಗಿದರು. ಹೆಬ್ಬೆರಳಿನ ಉಗುರು ತೊಟ್ಟಿನ ಬಳಿ ಇಳಿಯಿತು, ಸಿಪ್ಪೆಯ ಎಣ್ಣೆ ಸಣ್ಣ ಹೊಗೆಯ ಹಾಗೆ ಚಿಮ್ಮಿತು, ಉಗುರಿನ ಸಂದಿನಲ್ಲಿ ಬೆಳಗ್ಗೆಯಿಂದ ಸುಲಿದ ಹಣ್ಣುಗಳ ಹಳದಿ. ಆ ಚಿತ್ರ ಸಿಕ್ಕಿತು. ಮೂರನೆಯ ಸಲ ಮೊಬೈಲಿನಲ್ಲಿ ತೆಗೆದಾಗ ಅವರೇ, "ನನ್ನ ಮಗಳ ನಂಬರಿಗೆ ಕಳಿಸಿಬಿಡಿ" ಎಂದರು, ಅಲ್ಲೇ ಕಳಿಸಿದೆ. ತೆಗೆದ ಚಿತ್ರ ಆ ಕ್ಷಣವೇ ಅವರ ಮನೆ ಸೇರುವ ಈ ಅನುಕೂಲ ಮಿಕ್ಕ ಎರಡು ಕ್ಯಾಮೆರಾಗಳಿಗಿಲ್ಲ. ಇದನ್ನು ನಾನು ತುಂಬ ದೊಡ್ಡದೆಂದೇ ಎಣಿಸುತ್ತೇನೆ.

ಸಂತೆಯ ನೂಕುನುಗ್ಗಲಿಗೆ ಒಂದು ಉಪಾಯ ಹೇಳುತ್ತೇನೆ. ಸಣ್ಣ ಕ್ಯಾಮೆರಾದಲ್ಲಿ ಆಟೋಫೋಕಸ್ ಬಿಟ್ಟು, ಎಫ್ 8 ಇಟ್ಟು, ಫೋಕಸನ್ನು 3 ಮೀಟರಿಗೆ ನಿಲ್ಲಿಸಿದರೆ ಸುಮಾರು ಒಂದೂವರೆ ಮೀಟರಿನಿಂದ ಮೂವತ್ತು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ನನ್ನದು ಫುಲ್‌ಫ್ರೇಮಿಗಿಂತ ಸಣ್ಣದಾದ ಎಪಿಎಸ್‌ಸಿ ಅಳತೆಯ ಸೆನ್ಸರ್, ಲೆನ್ಸಿನ ನಿಜ ಅಳತೆ 23 ಮಿ.ಮೀ., ಲೆಕ್ಕ ಅದಕ್ಕೆ ಹೊಂದುತ್ತದೆ. ಆಮೇಲೆ ನೋಡುವುದು, ಒತ್ತುವುದು, ಅಷ್ಟೇ.

ಹಳ್ಳಿಯ ದಾರಿ ಬೇರೆಯೇ ಲೋಕ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಹೋಗುವ ಬಸ್ಸಿನಲ್ಲಿ ಕಕ್ಕಬ್ಬೆ ದಾಟಿ ಕೈಕಂಬದಲ್ಲಿ ಇಳಿದು, ನಾಲ್ಕುನಾಡು ಅರಮನೆಯವರೆಗೆ ಏರಿ, ತೋಟಗಳ ನಡುವೆ ಗದ್ದೆಗೆ ಇಳಿಯುತ್ತಿದ್ದೆ. ಎದುರಿಗೆ 1748 ಮೀಟರ್ ಎತ್ತರದ ತಡಿಯಂಡಮೋಳ್. ಶಿಖರಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ನನ್ನ ನಡಿಗೆ ಅಲ್ಲಿಯವರೆಗೆ ಇರಲಿಲ್ಲ. ಸೂರ್ಯ ಮೇಲೇರುವ ಮೊದಲು ತೋಟದ ದಾರಿ ಹಿಡಿಯುತ್ತಿರಲಿಲ್ಲ, ಅಂಗಡಿಯಲ್ಲಿ ಚಹಾ ಕುಡಿದು "ಆನೆ ಇದೆಯಾ?" ಎಂದು ಕೇಳಿಕೊಂಡೇ ಮುಂದೆ ಹೆಜ್ಜೆ. ತೋಟಗಳೆಲ್ಲ ಖಾಸಗಿ. ಕೇಳದೆ ಗೇಟು ದಾಟಬೇಡಿ.

ಕಾಫಿ ತೋಟದೊಳಗಿನ ಬೆಳಕು ಎಂಥ ಕ್ಯಾಮೆರಾವನ್ನೂ ಕಾಡುತ್ತದೆ. ಮೇಲೆ ಹಾಲುವಾಣ, ಅತ್ತಿ, ಹಲಸು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪಾಗತೊಡಗಿದ ಅರೇಬಿಕಾ. ನಡುಹಗಲಿನಲ್ಲೂ ಒಳಗೆ ಕತ್ತಲು, ಅಲ್ಲಲ್ಲಿ ಕಾಸಿನಗಲದ ಬಿಸಿಲು. ಎಫ್ 2ಕ್ಕೂ ಜೂಮಿನ ತುದಿಯ ಎಫ್ 5.6ಕ್ಕೂ ಬೆಳಕಿನಲ್ಲಿ ಎಂಟು ಪಟ್ಟು ವ್ಯತ್ಯಾಸ. ಸಣ್ಣ ಕ್ಯಾಮೆರಾ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800ರಲ್ಲಿ, ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಮುಗಿಸುವ ಕೆಲಸಕ್ಕೆ ಜೂಮಿನಲ್ಲಿ 6400 ಬೇಕು. ಅದೂ ಕೈ ನಡುಗದಿದ್ದರೆ. 200 ಮಿ.ಮೀ.ಗೆ ಎಳೆದರೆ ಶಟರ್ ಇನ್ನೂ ಚುರುಕಾಗಬೇಕು, ಚಿತ್ರದಲ್ಲಿ ಮರಳು ಎರಚಿದ ಹಾಗೆ ಕಾಳು. ಮೊಬೈಲ್ ಇಲ್ಲೂ ಕತ್ತಲನ್ನೆಲ್ಲ ಎತ್ತಿ ತೋರಿಸಿ ತೋಟವನ್ನು ಪಾರ್ಕು ಮಾಡಿತು. ಅರಮನೆಯೊಳಗೂ ಇದೇ ಕತೆ. ದೊಡ್ಡ ವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ, ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಸಿಕ್ಕುವ ಮೊದಲು ಆಶ್ರಯ ಪಡೆದ ಮನೆ ಅದು. ಗೋಡೆಯ ಮಾಸಿದ ಚಿತ್ರಗಳಿಗೆ, ಕೆತ್ತಿದ ಮರಗೆಲಸಕ್ಕೆ ಕಿಟಕಿಯ ಒಂದಿಷ್ಟು ಬೆಳಕೇ ಗತಿ. ಎಫ್ 2 ಇಲ್ಲದಿದ್ದರೆ ನಾನು ಬರಿಗೈಯಲ್ಲಿ ಹೊರಬರುತ್ತಿದ್ದೆ.

ಆದರೆ ತೀರ್ಮಾನ ಮಾಡಿದ್ದು ಬೆಳಕಲ್ಲ, ಕೊಡೆ. ತುಲಾ ಸಂಕ್ರಮಣದ ಆಚೀಚೆ ಕೊಡಗಿನಲ್ಲಿ ಮಧ್ಯಾಹ್ನದ ಮಳೆ ಯಾವಾಗ ಬೀಳುತ್ತದೆಂದು ಹೇಳಲಾಗದು. ಇಲ್ಲಿ ನಡೆಯುವವನ ಎಡಗೈ ವರ್ಷದ ಅರ್ಧ ಭಾಗ ಕೊಡೆಗೇ ಮೀಸಲು. ಉಳಿದ ಒಂದು ಕೈಯಲ್ಲಿ ಹಿಡಿದು, ಹೊಂದಿಸಿ, ಒತ್ತಬಹುದಾದ ಕ್ಯಾಮೆರಾ ಯಾವುದು? ಎಸ್‌ಎಲ್‌ಆರ್‌ಗೆ ಎರಡು ಕೈ ಬೇಕು, ಜೂಮ್ ತಿರುಗಿಸಲು ಎಡಗೈ ಬೇಕೇ ಬೇಕು. ಕೊಡೆಯನ್ನು ಕೊರಳಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗದ್ದೆಯ ಬದುವಿನ ಮೇಲೆ ನಿಂತ ಆ ಹದಿನೈದು ನಿಮಿಷ ನನಗೆ ಚೆನ್ನಾಗಿ ನೆನಪಿದೆ. ಕಾಲಿಗೆ ಜಿಗಣೆ ಹತ್ತಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಮೊಬೈಲ್ ಒಂದೇ ಕೈಯಲ್ಲಿ ಹಿಡಿಯಬಹುದು, ಆದರೆ ಪರದೆಯ ಮೇಲೆ ಹನಿ ಬಿದ್ದರೆ ಅದು ಹನಿಯನ್ನೇ ಬೆರಳೆಂದುಕೊಳ್ಳುತ್ತದೆ, ಒದ್ದೆ ಬೆರಳನ್ನು ಗುರುತಿಸುವುದೇ ಇಲ್ಲ. ಸಣ್ಣ ಕ್ಯಾಮೆರಾದ ಗುಂಡಿಗಳು ಮುಟ್ಟಿದರೆ ತಿಳಿಯುತ್ತವೆ. ಹೆಬ್ಬೆರಳಿಗೆ ಎಕ್ಸ್‌ಪೋಶರ್, ತೋರುಬೆರಳಿಗೆ ಶಟರ್. ಇದು ಮಳೆನೀರು ಒಳಗಿಳಿಯದಂತೆ ಮಾಡಿದ ಕ್ಯಾಮೆರಾ ಅಲ್ಲ, ನೆನೆಸುವಂತಿಲ್ಲ. ಕೊಡೆಯ ಕೆಳಗೆ ಅದಕ್ಕೂ ಜಾಗವಿದೆ.

ದಾರಿಯಲ್ಲಿ ಒಂದು ಐನ್‌ಮನೆ, ಕೊಡವ ಕುಟುಂಬದ ಹಿರಿಯರ ಮೂಲಮನೆ. ಎರಡೂ ಬದಿಗೆ ಮಣ್ಣಿನ ದಿಣ್ಣೆಯ ನಡುವೆ ಸಾಗುವ ಓಣಿ, ಕೊನೆಯಲ್ಲಿ ಅಂಗಳ. ದೊಡ್ಡ ಕ್ಯಾಮೆರಾ ಹೊತ್ತು ಹೋದ ದಿನ ಜಗುಲಿಯಲ್ಲಿದ್ದ ಅಜ್ಜ ಕೇಳಿದ ಮೊದಲ ಮಾತು, "ಮನೆ ಕೊಳ್ಳುವವರಿಗೆ ತೋರಿಸಲಿಕ್ಕೆ ತೆಗೆಯುತ್ತೀರಾ?" ಅವರ ಅನುಮಾನ ನ್ಯಾಯವಾದದ್ದೇ. ತೋಟ, ಗದ್ದೆ ಕೈಬದಲಾಗುವುದನ್ನು ಕಣ್ಣಾರೆ ಕಂಡವರು. ಆ ದಿನ ಚೀಲದಿಂದ ಏನನ್ನೂ ಹೊರತೆಗೆಯದೆ ಮಾತನಾಡಿ ಬಂದೆ. ಮುಂದಿನ ಸಲ ಸಣ್ಣ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟೆ. ತಿರುಗಿಸಿ ನೋಡಿ, ನನ್ನದೇ ಒಂದು ಚಿತ್ರ ತೆಗೆದು, ಬೆಲ್ಲದ ಕಾಫಿ ತರಿಸಿದರು. ಆಮೇಲೆ ಕಂಬಗಳ ನಡುವಿನ ಐಮರ ತೋರಿಸಿದರು. ತಲೆತಲಾಂತರ ಕುಳಿತು ಕುಳಿತು ನುಣುಪಾಗಿ ಕಪ್ಪಗೆ ಹೊಳೆಯುವ ಹಲಗೆ, ಒಂದು ತುದಿಯಲ್ಲಿ ಅಡಿಕೆ ಕತ್ತರಿಸಿದ ಗೀರುಗಳು ಗುಂಪಾಗಿವೆ. "ಇದು ನನ್ನ ಅಜ್ಜ ಕೂರುತ್ತಿದ್ದ ಜಾಗ" ಎಂದು ಆ ಗೀರುಗಳ ಮೇಲೆ ಅಂಗೈ ಇಟ್ಟರು. ನಾನು ತೆಗೆದದ್ದು ಆ ಅಂಗೈಯನ್ನು. ಒಲೆಯ ಬಳಿ ಬನ್ನಿ ಎಂದು ಒಳಗೆ ಕರೆದಾಗ, ಹೊರಗಿನ ಚಳಿಯಲ್ಲಿ ತಣ್ಣಗಾಗಿದ್ದ ಲೆನ್ಸಿನ ಮೇಲೆ ಅಡುಗೆಮನೆಯ ಹಬೆ ಕೂತು ಹತ್ತು ನಿಮಿಷ ಏನೂ ಕಾಣಲಿಲ್ಲ. ಒರೆಸಬೇಡಿ. ಹಾಗೇ ಬಿಟ್ಟರೆ ಲೆನ್ಸ್ ಬೆಚ್ಚಗಾಗಿ ತಾನೇ ತಿಳಿಯಾಗುತ್ತದೆ.

ಇನ್ನೊಂದು ವಿಷಯವನ್ನು ಹೇಳಲೇಬೇಕು. 70–300 ಲೆನ್ಸಿನೊಳಗೆ ಹಿಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು, ಗಾಜಿನ ಅಂಚಿನಲ್ಲಿ ಜೇಡರಬಲೆಯಂಥ ಎಳೆಗಳು. ಭಾರವೆಂದು ಬಟ್ಟೆಯ ಬೀರುವಿನಲ್ಲೇ ಬಿಟ್ಟದ್ದು ನನ್ನದೇ ತಪ್ಪು. ಶುಚಿ ಮಾಡಿಸಲು ಹಣ ಹೋಯಿತು. ಈಗ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮಾಪಕ. ದಿನವೂ ಹೊರಗೆ ಗಾಳಿ ಬೆಳಕು ಕಾಣುವ ಸಣ್ಣ ಕ್ಯಾಮೆರಾಕ್ಕೆ ಈ ಕಾಟ ಬಂದಿಲ್ಲ.

ಹಾಗಾಗಿ ಪೇಟೆಗೂ ಹಳ್ಳಿಗೂ ನಾನು ಒಯ್ಯುವುದು ಆ ಒಂದೇ ಲೆನ್ಸಿನ ಸಣ್ಣ ಕ್ಯಾಮೆರಾ, ಜೇಬಿನಲ್ಲಿ ಚಿತ್ರ ಕಳಿಸಲು ಮೊಬೈಲ್. ದೊಡ್ಡದನ್ನು ಮಾರುವುದಿಲ್ಲ. ರಾಜಾಸೀಟಿನ ಆ ನಾಲ್ಕು ನೀಲಿ ಸಾಲುಗಳ ಚಿತ್ರವನ್ನು ಗೋಡೆಗೆ ಹಾಕಿದ್ದೇನೆ, ಅದು ಜೂಮಿನದು. ಚಳಿಗಾಲದ ಬೆಳಗಿಗೆ, ಮಂಗಟ್ಟೆ ಹಕ್ಕಿಗಳು ಹಣ್ಣಿನ ಮರಕ್ಕೆ ಬರುವ ಹೊತ್ತಿಗೆ, ಒಂದೇ ಕಡೆ ಕುಳಿತು ಕಾಯುವ ದಿನಕ್ಕೆ ಅದು ಬೇಕು. ನಡೆಯುವ ದಿನಕ್ಕೆ ಬೇಡ.

ಮುಂದಿನ ವಾರ ಹುತ್ತರಿ, ಕೊಡಗಿನ ಸುಗ್ಗಿ ಹಬ್ಬ. "ರಾತ್ರಿ ಕದಿರು ತೆಗೆಯುವಾಗ ಬನ್ನಿ" ಎಂದು ಐನ್‌ಮನೆಯ ಅಜ್ಜ ಕರೆದಿದ್ದಾರೆ. ಗದ್ದೆಯಲ್ಲಿ ದೀಪದ ಬೆಳಕಷ್ಟೇ ಇರುತ್ತದೆ, ಸಣ್ಣ ಕ್ಯಾಮೆರಾದ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಎರಡು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದ್ದೇನೆ. ಅವರ ಅಂಗೈಯ ಚಿತ್ರವನ್ನೂ ದೊಡ್ಡದಾಗಿ ಮುದ್ರಿಸಿ ತಂದಿಟ್ಟಿದ್ದೇನೆ, ಕೊಡೆಯ ಪಕ್ಕದಲ್ಲೇ.