ರಾತ್ರಿ ಬರುವ ಕುದುರೆ ಡಾಕ್ಟರ್: ಡಾಕ್ಟರಿಗೆ ಐದು ಸ್ಟಾರ್, ಫೋನ್ ಎತ್ತಿದವರಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕುದುರೆ ಬೆಳ್ಳಿ ಉಳಿಯಲಿಲ್ಲ. ಆದರೂ ಒಟ್ಟು ಐದಕ್ಕೆ ಮೂರೂವರೆ ಕೊಡುತ್ತಿದ್ದೇನೆ. ಸೇವೆಯ ಹೆಸರು ಹಾಕುವುದಿಲ್ಲ, ಹೊಗಳಿಕೆ ಜೊತೆ ಬೈಗುಳವೂ ಇದೆ ಅದಕ್ಕೆ. ಖಾಸಗಿಯವರು, ಮನೆ ಬಾಗಿಲಿಗೇ ಬರುತ್ತಾರೆ, ರಾತ್ರಿ ಬಂದರೆ ಫೀಸು ಜಾಸ್ತಿ.

ಬೆಳ್ಳಿ ನಮ್ಮ ಮನೆಗೆ ಬಂದಾಗ ನಾನು ಪಿಯುಸಿ. ಅಪ್ಪ ಮೈಸೂರಲ್ಲಿ ಟಾಂಗಾ ಓಡಿಸುತ್ತಾರೆ, ಈಗ ದಸರಾ ಮತ್ತು ರಜೆ ದಿನಗಳಲ್ಲಿ ಬಿಟ್ಟರೆ ದುಡಿಮೆ ಅಷ್ಟಕ್ಕಷ್ಟೇ. ಎರಡು ಕುದುರೆ ಇಟ್ಟುಕೊಂಡಿದ್ದು ಲೆಕ್ಕ ಹಾಕಿದರೆ ದಡ್ಡತನ. ಆದರೆ ಬೆಳ್ಳಿಯ ವಿಷಯದಲ್ಲಿ ಅಪ್ಪ ಯಾವತ್ತೂ ಲೆಕ್ಕ ಹಾಕಿದವರಲ್ಲ. ಅವಳಿಗೂ ಅಷ್ಟೇ, ಲಾಳ ಹೊಡೆಸುವಾಗ ಅಪ್ಪ ಎದುರಿಗೆ ನಿಂತಿದ್ದರೆ ಮಾತ್ರ ಕಾಲು ಕೊಡುತ್ತಿದ್ದಳು. ನಾನು ನಿಂತರೆ ಒದೆ.

ಅವತ್ತು ರಾತ್ರಿ ಒಂಬತ್ತೂವರೆಗೆ ಹುರುಳಿ ಇಟ್ಟರೆ ಮೂಸಿ ನೋಡಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯುತ್ತಿದ್ದಳು, ತಿರುತಿರುಗಿ ಹೊಟ್ಟೆ ಕಡೆ ನೋಡುತ್ತಿದ್ದಳು, ಮಲಗುವುದು, ಏಳುವುದು, ಮತ್ತೆ ಮಲಗುವುದು. ಸಾಯಂಕಾಲದಿಂದ ಲದ್ದಿ ಹಾಕಿರಲಿಲ್ಲ. ಕುದುರೆ ಸಾಕಿದವರಿಗೆ ಇಷ್ಟು ಸಾಕು, ಕಾಲಿಕ್, ಅಂದರೆ ಕುದುರೆಗೆ ಬರುವ ಹೊಟ್ಟೆನೋವು ಅಂತ ಗೊತ್ತಾಗಿಬಿಡುತ್ತೆ. ನಾನು ತಕ್ಷಣ ಈ ಸೇವೆಗೆ ಫೋನ್ ಮಾಡಿದೆ. ಎತ್ತಿದ ಹುಡುಗ ಕೇಳಿದ್ದು ಎರಡೇ ಪ್ರಶ್ನೆ: ಹಿಂದೆ ನಮ್ಮಲ್ಲಿ ತೋರಿಸಿದ್ದೀರಾ, ಅಡ್ವಾನ್ಸ್ ಈಗಲೇ ಕಳಿಸ್ತೀರಾ. ಲದ್ದಿ ಹಾಕಿ ಎಷ್ಟು ಹೊತ್ತಾಯಿತು, ಬೆವರುತ್ತಿದೆಯಾ, ಹೊರಳಾಡುತ್ತಿದೆಯಾ, ಒಂದೂ ಇಲ್ಲ. "ಸುಮ್ನೆ ಗ್ಯಾಸ್ ಇರ್ಬೇಕು ಸಾರ್, ನಡೆಸ್ತಾ ಇರಿ, ಬೆಳಿಗ್ಗೆ ನೋಡೋಣ" ಅಂದ.

ನಡೆಸಿದೆವು. ಅಪ್ಪ ಒಂದು ಸುತ್ತು, ನಾನು ಒಂದು ಸುತ್ತು. ಹನ್ನೊಂದೂವರೆಗೆ ಅವಳು ನಿಂತಲ್ಲೇ ದಬಕ್ಕನೆ ಬಿದ್ದು ಹೊರಳಾಡತೊಡಗಿದಳು, ಮೈಯೆಲ್ಲ ನೀರು ಸುರಿದ ಹಾಗೆ ಬೆವರು. ಮತ್ತೆ ಫೋನ್ ಮಾಡಿ ಕೂಗಾಡಿದ ಮೇಲೆ ಡಾಕ್ಟರಿಗೆ ಕೊಟ್ಟರು. ಅವರು ನಲವತ್ತು ನಿಮಿಷದಲ್ಲಿ ಬಂದರು, ಬನಿಯನ್ ಮೇಲೆ ಜಾಕೆಟ್ ಹಾಕಿಕೊಂಡೇ ಬಂದಿದ್ದರು ಪಾಪ. ನಾನು ಮೊದಲ ಸಲ ಫೋನ್ ಮಾಡಿದ್ದು ಅವರ ಕಿವಿಗೇ ಬಿದ್ದಿರಲಿಲ್ಲ. ಎರಡು ಗಂಟೆ ಹಾಗೇ ಹೋಯಿತು. ಸ್ಟಾರ್ ಕಮ್ಮಿಯಾಗಿದ್ದು ಅಲ್ಲೇ.

ಡಾಕ್ಟರ್ ಬಗ್ಗೆ ಮಾತ್ರ ಒಂದು ಮಾತು ತಪ್ಪು ಹೇಳಲಾರೆ. ಬಂದವರೇ ಹಣದ ಸುದ್ದಿ ಎತ್ತಲಿಲ್ಲ. ಎದೆಬಡಿತ ಎಣಿಸಿದರು, ಎಂಬತ್ತರ ಮೇಲಿತ್ತು. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕಂತೆ. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಲ್ಲಿ ಬಣ್ಣ ವಾಪಸ್ ಬರಬೇಕು, ಬರಲಿಲ್ಲ. ಹೊಟ್ಟೆಯ ಎರಡೂ ಕಡೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ನನ್ನ ಕಿವಿಗೂ ಕೊಟ್ಟರು. ಕುದುರೆ ಹೊಟ್ಟೆ ಯಾವಾಗಲೂ ಗುಡುಗುಡು ಅನ್ನುತ್ತಿರಬೇಕು. ಒಂದು ಸದ್ದೂ ಇರಲಿಲ್ಲ. ಮೂಗಿನಿಂದ ಹೊಟ್ಟೆಗೆ ಪೈಪ್ ಇಳಿಸಿದಾಗ ಹಸಿರು ನೀರು ಬಕೆಟ್‌ಗಟ್ಟಲೆ ಬಂತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೀಗೆ ತೆಗೆಯದಿದ್ದರೆ ಹೊಟ್ಟೆ ಒಡೆದೇ ಹೋಗಬಹುದು ಅಂದರು. ಇಷ್ಟು ವರ್ಷ ಕುದುರೆ ಜೊತೆ ಬಾಳಿದ ಮನೆ ನಮ್ಮದು, ಇದು ನನಗೆ ಗೊತ್ತಿರಲಿಲ್ಲ.

ನೋವಿನ ಇಂಜೆಕ್ಷನ್ ಹಾಕಿದ ಮೇಲೆ ಅರ್ಧ ಗಂಟೆ ಶಾಂತವಾಗಿದ್ದಳು. ಅಪ್ಪ ಆಗಲೇ ಚಾಮುಂಡಿಗೆ ಹರಕೆ ಹೊತ್ತಾಗಿತ್ತು. ಆಮೇಲೆ ಮತ್ತೆ ಶುರು. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆಯಲಿಲ್ಲ, ಅಪ್ಪನ ಎದುರಿಗೇ ಕೂತು ಹೇಳಿದರು. "ಯಜಮಾನ್ರೇ, ಕರುಳು ತಿರುಚಿಕೊಂಡಿದೆ ಅನ್ಸುತ್ತೆ. ಆಪರೇಷನ್ ಒಂದೇ ದಾರಿ. ಬೆಂಗಳೂರಿಗೆ ಹೋಗ್ಬೇಕು, ಲಾರಿ ಸಿಕ್ಕಿದ್ರೂ ಮೂರು ಗಂಟೆ ಮೇಲಾಗುತ್ತೆ, ಅಷ್ಟು ಹೊತ್ತು ಇವಳು ನಿಲ್ಲಲ್ಲ." ಖರ್ಚನ್ನೂ ಹೇಳಿದರು, ಲಕ್ಷಗಳಲ್ಲಿ. ಅಪ್ಪ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ನೋವಾಗ್ತಿದೆಯಾ ಡಾಕ್ಟ್ರೇ ಅವಳಿಗೆ?" ಅಂದರು. "ತುಂಬಾ." ಅಷ್ಟೇ.

ಶಾಶ್ವತವಾಗಿ ಮಲಗಿಸುವ ಇಂಜೆಕ್ಷನ್ ಕೊಡುವಾಗ ಮೂರು ಗಂಟೆ. ಅಪ್ಪ ಎದುರಿಗೆ ನಿಂತಿದ್ದರು, ಲಾಳ ಹೊಡೆಸುವಾಗ ನಿಲ್ಲುವ ಹಾಗೆ.

ಆ ವಾರ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನುವ ಹಸಿರು ಮೇವು) ಸಿಗದೆ ಬರೀ ಒಣಹುಲ್ಲು ಹಾಕಿದ್ದು ನಾನು. ಅದರಿಂದಲೇ ಆಯಿತಾ ಅಂತ ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಪ್ಪ, ನಿಂದೇನೂ ತಪ್ಪಿಲ್ಲ ಅಂದುಬಿಡುತ್ತಿದ್ದರು, ನಾನು ನಂಬುತ್ತಿರಲಿಲ್ಲ. ಇವರು ಎಷ್ಟು ಹುಲ್ಲು, ಎಷ್ಟು ನೀರು, ಎಷ್ಟು ದಿನ ಅಂತೆಲ್ಲ ಕೇಳಿ, "ಮೇವು ದಿಢೀರ್ ಬದಲಾಯಿಸೋದು ಒಳ್ಳೇದಲ್ಲ, ಕಾರಣ ಆಗಿರಬಹುದು. ಆದ್ರೆ ಕರುಳು ತಿರುಚಿಕೊಳ್ಳೋಕೆ ಎಷ್ಟೋ ಸಲ ಕಾರಣಾನೇ ಸಿಗಲ್ಲ" ಅಂದರು. ಆ ಉತ್ತರ ಇಟ್ಟುಕೊಂಡು ಬದುಕಬಹುದು ಅನ್ನಿಸಿತು. ಮೊದಲ ಫೋನಿಗೇ ಬಂದಿದ್ದರೆ ಉಳಿಯುತ್ತಿದ್ದಳಾ ಅಂತ ಮಾತ್ರ ಕೇಳಲಿಲ್ಲ. ಧೈರ್ಯ ಬರಲಿಲ್ಲ.

ಹೋಗುವ ಮುಂಚೆ ಎರಡು ವಿಷಯ ಹೇಳಿದರು, ಇವು ಎಲ್ಲರಿಗೂ ಬೇಕಾಗುತ್ತೆ. ಒಂದು, ಮಲಗಿಸಿದ ಔಷಧಿ ಮೈಯಲ್ಲೇ ಉಳಿದಿರುತ್ತೆ, ನಾಯಿ ಹದ್ದು ತಿಂದರೆ ಅವೂ ಸಾಯುತ್ತವೆ, ಬಾವಿಯಿಂದ ದೂರ ಆಳವಾಗಿ ಹೂಳಿ ಅಂದರು. ಬೆಳಿಗ್ಗೆ ಜೆಸಿಬಿ ಕರೆಸಿ ಚಿಕ್ಕಪ್ಪನ ಜಮೀನಲ್ಲಿ ಹೂತೆವು. ಇನ್ನೊಂದು, ಮಣ್ಣು ಮಾಡುವ ಮುಂಚೆ ಜೊತೆಗಿದ್ದ ಕುದುರೆಗೆ ತೋರಿಸಿ, ಇಲ್ಲದಿದ್ದರೆ ಹುಡುಕುತ್ತಾ ಇರುತ್ತೆ ಅಂದರು. ನಮ್ಮ ರಾಜನನ್ನು ಬಿಟ್ಟೆವು. ಬಂದು ಅವಳ ಕಿವಿ ಮೂಸಿದ, ಕತ್ತನ್ನು ಮೂತಿಯಲ್ಲಿ ಎರಡು ಸಲ ತಳ್ಳಿದ, ಆಮೇಲೆ ತಿರುಗಿ ಹೋಗಿ ಹುಲ್ಲಿಗೆ ಬಾಯಿ ಹಾಕಿದ. ನನಗೆ ಅವನ ಮೇಲೆ ಸಿಟ್ಟು ಬಂತು, ಅಪ್ಪನಿಗೆ ಅಳು ಬಂತು.

ಬಿಲ್ಲು ನಾಲ್ಕು ಸಾವಿರದ ಇನ್ನೂರು, ರಾತ್ರಿ ಫೀಸು ಔಷಧಿ ಎಲ್ಲ ಸೇರಿ. ನ್ಯಾಯವಾದ ಬೆಲೆ. ಕರೆಸುವವರಿಗೆ ನನ್ನ ಸಲಹೆ: ಆಫೀಸ್ ನಂಬರ್ ನಂಬಬೇಡಿ, ಡಾಕ್ಟರ್ ನಂಬರನ್ನೇ ಈಗಲೇ ಕೇಳಿ ಇಟ್ಟುಕೊಳ್ಳಿ. ಮತ್ತೆ, ಫೋನ್ ಮಾಡುವ ಮುಂಚೆ ಎದೆಬಡಿತ ಎಣಿಸಿ. ಕುದುರೆಯ ಎಡ ಮುಂಗಾಲಿನ ಮೊಣಕೈ ಹಿಂದೆ ಕಿವಿ ಇಟ್ಟರೂ ಕೇಳುತ್ತೆ. ಅರವತ್ತು ದಾಟಿದೆ ಅಂತ ಹೇಳಿದರೆ ಗ್ಯಾಸ್ ಅನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ.

ಇನ್ನೊಂದು ದೂರು ಆಫೀಸಿನವರಿಗೇ. ಮೊನ್ನೆ ಅಪ್ಪನ ಫೋನಿಗೆ ನಿಮ್ಮಿಂದ ಮೆಸೇಜ್ ಬಂದಿತ್ತು, ಬೆಳ್ಳಿಗೆ ಟಿಟಿ ಇಂಜೆಕ್ಷನ್ ಹಾಕಿಸುವ ದಿನ ಬಂದಿದೆ ಅಂತ. ಅಪ್ಪನಿಗೆ ಓದಲು ಬರುವುದಿಲ್ಲ, ಏನಂತೆ ಮಗಾ ಅಂತ ನನ್ನ ಕೈಗೆ ಕೊಟ್ಟರು. ರಾಜನಿಗೆ ಅಂದುಬಿಟ್ಟೆ. ಅವಳ ಹೆಸರು ತೆಗೆಯಿರಿ ಅಂತ ಎರಡು ಸಲ ಹೇಳಿದ್ದೇನೆ. ತೆಗೆಯಲು ಆಗದಿದ್ದರೆ ಕೊನೇ ಪಕ್ಷ ನನ್ನ ನಂಬರಿಗೆ ಕಳಿಸಿ.