ಡಯಾಬ್ಲೊ ಆಟದ ಉಚಿತ ಡೆಮೊವನ್ನು ಪೂರ್ತಿ ಆಟವೆಂದು ಮಾರುತ್ತಿದ್ದಾರೆ: ಶಿರಸಿಯಲ್ಲಿ ನನಗಾದ ಅನುಭವ

ಹಳೆಯ ಕಂಪ್ಯೂಟರ್ ಆಟಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೊರಿಯರ್ ಮೂಲಕ ಕಳುಹಿಸುತ್ತೇವೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿದ್ದರೆ, ಹಣ ಪಾವತಿಸುವ ಮೊದಲು ದಯವಿಟ್ಟು ಇದನ್ನು ಓದಿ.

ಕಾರವಾರದಲ್ಲಿ ಓದುತ್ತಿದ್ದ ದಿನಗಳಲ್ಲಿ ಸೈಬರ್ ಸೆಂಟರೊಂದರಲ್ಲಿ ಗಂಟೆಯ ಲೆಕ್ಕಕ್ಕೆ ದುಡ್ಡು ಕೊಟ್ಟು ನಾನು ಡಯಾಬ್ಲೊ ಆಡುತ್ತಿದ್ದೆ. ಟ್ರಿಸ್ಟ್ರಮ್ ಎಂಬ ಊರು, ಅಲ್ಲಿನ ಹಾಳುಬಿದ್ದ ಚರ್ಚು, ಅದರ ಕೆಳಗೆ ನೆಲದೊಳಕ್ಕೆ ಇಳಿಯುತ್ತಾ ಹೋಗುವ ಹದಿನಾರು ಹಂತಗಳು, ಊರಿಗೆ ಮರಳಿದಾಗ ಕೇಳಿಸುವ ಗಿಟಾರಿನ ನಾದ, ಇವೆಲ್ಲ ಇಂದಿಗೂ ನನ್ನ ನೆನಪಿನಲ್ಲಿವೆ. ಕಳೆದ ಆಷಾಢದಲ್ಲಿ ಮಳೆಯಿಂದಾಗಿ ಶಾಲೆಗೆ ರಜೆ ಕೊಟ್ಟಿದ್ದಾಗ, ಶಿರಸಿಯ ಅಕ್ಕನ ಮನೆಯಲ್ಲಿ ಅವಳ ಮಗನಿಗೆ ಈ ಆಟವನ್ನು ತೋರಿಸಬೇಕೆಂದು ಮನಸ್ಸಾಯಿತು. ಅದೇ ವಾರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಕಂಡ ಮಾರಾಟಗಾರನಿಗೆ 800 ರೂಪಾಯಿ ಕಳುಹಿಸಿದೆ. ನಾಲ್ಕು ದಿನಗಳಲ್ಲಿ ಪೆನ್‌ಡ್ರೈವ್ ಬಂತು.

ಆಟವೇನೋ ತೆರೆಯಿತು. ಆದರೆ ಹುಡುಗನು ಮಾಂತ್ರಿಕನ ಪಾತ್ರವನ್ನು ಆರಿಸಲು ಹೋದಾಗ, ರೋಗ್ (ಬಿಲ್ಲುಗಾರ್ತಿ) ಮತ್ತು ಸಾರ್ಸರರ್ (ಮಾಂತ್ರಿಕ) ಪಾತ್ರಗಳು ಪೂರ್ತಿ ಆವೃತ್ತಿಯಲ್ಲಿ ಮಾತ್ರ ದೊರೆಯುತ್ತವೆ ಎಂಬ ಸೂಚನೆ ಪರದೆಯ ಮೇಲೆ ಬಂತು. ಯೋಧನ ಪಾತ್ರದಲ್ಲಿ ಆಡಿದರೂ ಎರಡನೇ ಹಂತದಿಂದಾಚೆಗೆ ದಾರಿಯಿರಲಿಲ್ಲ. ಫೋನ್ ಮಾಡಿ ವಿಚಾರಿಸಿದಾಗ ಮಾರಾಟಗಾರನು, "ಸರ್, ಆಟ ಪೂರ್ತಿ ಇದೆ, ಲಾಕ್ ಆಗಿದೆ ಅಷ್ಟೆ. ಇನ್ನೈನೂರು ಹಾಕಿ, ಅನ್‌ಲಾಕ್ ಫೈಲ್ ಕಳಿಸ್ತೇನೆ" ಎಂದನು. ನಾನು ನಂಬಿದೆ.

ನಾನು ತಪ್ಪಿದ್ದು ಇಲ್ಲಿಯೇ ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1996 ಮುಗಿದು 1997 ಆರಂಭವಾಗುವ ಹೊತ್ತಿಗೆ ಬಂದ ಈ ಆಟದ ಪ್ರಚಾರಕ್ಕಾಗಿ, ಅದನ್ನು ಹೊರತಂದ ಬ್ಲಿಝಾರ್ಡ್ ಸಂಸ್ಥೆಯೇ ಒಂದು ಡೆಮೊವನ್ನು ಉಚಿತವಾಗಿ ಹಂಚಿತ್ತು. ಒಬ್ಬ ಯೋಧ, ಎರಡು ಹಂತ, ಇಷ್ಟೇ ಅದರಲ್ಲಿರುವುದು. ನನಗೆ ಪೆನ್‌ಡ್ರೈವ್‌ನಲ್ಲಿ ಬಂದದ್ದು ಅದೇ. ರುಚಿ ನೋಡಿದವರು ಮುಂದೆ ಪೂರ್ತಿ ಆಟವನ್ನು ಕೊಳ್ಳಲಿ ಎಂಬ ಉದ್ದೇಶದಿಂದ ಮಾಡಿದ್ದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಉಳಿದ ಹದಿನಾಲ್ಕು ಹಂತಗಳು ಆ ಡೆಮೊದೊಳಗೆ ಬೀಗ ಹಾಕಿಕೊಂಡು ಕುಳಿತಿಲ್ಲ. ಅವು ಅಲ್ಲಿ ಇಲ್ಲವೇ ಇಲ್ಲ. ಡೆಮೊದ ಮುಖ್ಯ ಕಡತವಾದ ಸ್ಪಾನ್ ಡಾಟ್ ಎಂಪಿಕ್ಯೂ ಸುಮಾರು 25 ಎಂಬಿ ಇದ್ದರೆ, ಪೂರ್ತಿ ಆಟದ ಡಯಾಬ್‌ಡ್ಯಾಟ್ ಡಾಟ್ ಎಂಪಿಕ್ಯೂ ಸುಮಾರು 500 ಎಂಬಿ ಇರುತ್ತದೆ. ಆದ್ದರಿಂದ ಡೆಮೊವನ್ನು ಪೂರ್ತಿ ಆಟವಾಗಿಸುವ ಪುಟ್ಟ ಅನ್‌ಲಾಕ್ ಫೈಲ್ ಎಂಬುದೇ ಸುಳ್ಳು. ಪೆನ್‌ಡ್ರೈವ್ ತೆರೆದು ಕಡತದ ಗಾತ್ರವೊಂದನ್ನು ನೋಡಿದ್ದರೆ ನನಗೆ ಆಗಲೇ ತಿಳಿಯುತ್ತಿತ್ತು.

ಅವನು ಕಳುಹಿಸಿದ ಫೈಲನ್ನು ಆ್ಯಂಟಿವೈರಸ್ ಆಫ್ ಮಾಡಿಯೇ ತೆರೆಯಬೇಕೆಂಬ ಸೂಚನೆಯಿತ್ತು, ನಾನು ಹಾಗೆಯೇ ಮಾಡಿದೆ. ಆಟದಲ್ಲಿ ಏನೂ ಬದಲಾಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಇಮೇಲಿನ ಪಾಸ್‌ವರ್ಡ್ ಬದಲಾಗಿತ್ತು, ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಬೇರೆ ಖಾತೆಗಳಿಗೂ ಯಾರೋ ಪ್ರವೇಶಿಸಿದ್ದರು, ತುರ್ತಾಗಿ ಹಣ ಬೇಕೆಂದು ನನ್ನ ಹೆಸರಿನಲ್ಲಿ ಕುಮಟಾದ ಚಿಕ್ಕಪ್ಪನವರಿಗೆ ಪತ್ರ ಹೋಗಿತ್ತು. ಅವರು ಕಳುಹಿಸುವ ಮೊದಲು ಫೋನ್ ಮಾಡಿ ಕೇಳಿದ್ದರಿಂದ ದೊಡ್ಡ ನಷ್ಟ ತಪ್ಪಿತು. ಅದೇ ಲ್ಯಾಪ್‌ಟಾಪಿನಲ್ಲಿ ಭಾವನವರ ಅಡಿಕೆ ವ್ಯಾಪಾರದ ಲೆಕ್ಕಗಳೂ ಇದ್ದವು, ಆ ದಿನ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಕೂಡಲೇ ಇಂಟರ್ನೆಟ್ ಸಂಪರ್ಕವನ್ನು ತೆಗೆದು, ಬೇರೊಂದು ಮೊಬೈಲಿನಿಂದ ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ, ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧಗಳ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ. ಪಾವತಿಯ ರಸೀದಿ, ಚಾಟ್‌ಗಳ ಸ್ಕ್ರೀನ್‌ಶಾಟ್ ಮತ್ತು ಆ ಪೆನ್‌ಡ್ರೈವ್ ಮೂರನ್ನೂ ತೆಗೆದಿಟ್ಟಿದ್ದೇನೆ, ನೀವೂ ಇವನ್ನು ಅಳಿಸಬೇಡಿ. ಲೆಕ್ಕದ ಕಡತಗಳನ್ನು ಮಾತ್ರ ಬೇರೆಡೆಗೆ ತೆಗೆದು, ಲ್ಯಾಪ್‌ಟಾಪಿಗೆ ವಿಂಡೋಸನ್ನು ಹೊಸದಾಗಿ ಹಾಕಿಸಬೇಕಾಯಿತು.

ಈ ಆಟ ಬೇಕೆನ್ನುವವರಿಗೆ ನೇರ ದಾರಿಯಿದೆ. 2019ರ ಮಾರ್ಚ್‌ನಲ್ಲಿ ಜಿಒಜಿ ಎಂಬ ಆನ್‌ಲೈನ್ ಮಳಿಗೆಯು ಇದನ್ನು ಇಂದಿನ ವಿಂಡೋಸ್‌ನಲ್ಲಿ ನಡೆಯುವಂತೆ ಮಾಡಿ ಅಧಿಕೃತವಾಗಿ ಮಾರಾಟಕ್ಕಿಟ್ಟಿತು. ಡೆಮೊ ಸಾಕೆನ್ನುವವರಿಗೆ, ಆಸಕ್ತರು ಸೇರಿ ರೂಪಿಸಿದ ಡೆವಿಲ್ಯೂಷನ್‌ಎಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಆ 25 ಎಂಬಿಯ ಕಡತವೇ ನಡೆಯುತ್ತದೆ, ಒಂದು ಪೈಸೆಯೂ ಬೇಡ. ಅಕ್ಕನ ಮಗ ಈಗ ಆಡುತ್ತಿರುವುದು ಅದನ್ನೇ. ನಾನು ಕೊಟ್ಟ 1,300 ರೂಪಾಯಿ ಇನ್ನೂ ಮರಳಿ ಬಂದಿಲ್ಲ, ಮಾರಾಟಗಾರನ ಫೋನ್ ಸ್ವಿಚ್ ಆಫ್ ಆಗಿದೆ, ಆದರೆ ಅದೇ ಜಾಹೀರಾತು ಮೊನ್ನೆ ಬೇರೆ ನಂಬರಿನಿಂದ ಇನ್ನೊಂದು ಗುಂಪಿಗೆ ಬಂದಿದೆ.